ಧಣಿಯ ದನಿ, ಕೇರಿಯ ಕಿವಿ

ಗುಜರಿ ಅಂಗಡಿಯಲ್ಲಿ ಹಾಡಿಗೆ ಬೆಲೆಯಿಲ್ಲ, ತೂಕಕ್ಕೆ ಬೆಲೆ. ಕಬ್ಬಿಣ ಒಂದು ಗುಂಪಿ, ತಗಡು ಒಂದು ಗುಂಪಿ, ರದ್ದಿ ಒಂದು, ಪ್ಲಾಸ್ಟಿಕ್ ಒಂದು. ಇಂಡಿಯ ಇಂಥದೊಂದು ಅಂಗಡಿಗೆ ಹಳೇ ಪುಸ್ತಕ ಹುಡುಕಿಕೊಂಡು ಹೋದ ನನಗೆ ಒಡಕು ಕೊಡ, ಹರಿದ ಚಪ್ಪಲಿಗಳ ನಡುವೆ ಏಳಿಂಚಿನ ಕರಿ ರಿಕಾರ್ಡುಗಳು ಕಂಡವು. ಎಣಿಸಿದರೆ ಹದಿನೇಳು. ಇನ್ನು ನಾಲ್ಕು, ಹತ್ತಿಂಚಿನ ದಪ್ಪ ಪ್ಲೇಟುಗಳು, ಬಾಗಿಲ ಹೊರಗೆ ಮಣ್ಣಿನಲ್ಲಿ ಬಿದ್ದಿದ್ದವು. ಅವನ್ನು ಯಾಕೆ ಹೊರಗೆ ಹಾಕಿದ್ದೀರಿ ಅಂತ ಕೇಳಿದೆ. ಚಾಚಾ ನಕ್ಕರು. "ಈ ಸಣ್ಣವು ಪ್ಲಾಸ್ಟಿಕಿನ್ಯಾಗ ಹೋಗ್ತಾವ ತಮ್ಮಾ. ಆ ದೊಡ್ಡವು ಪ್ಲಾಸ್ಟಿಕ್ಕೂ ಅಲ್ಲ, ಲೋಹಾನೂ ಅಲ್ಲ. ಯಾವ ಗುಂಪಿಗೂ ಸೇರೂದಿಲ್ಲ. ಎತ್ತಿಕೊಂಡು ಹೋಗು, ರೊಕ್ಕ ಬ್ಯಾಡ."

ಯಾವ ಗುಂಪಿಗೂ ಸೇರದೆ ಬಾಗಿಲ ಹೊರಗೆ ಬಿದ್ದಿರುವುದು ಅಂದರೆ ಏನು ಎಂದು ನನ್ನಂಥವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿಕೊಂಡು ಮನೆಗೆ ತಂದೆ. ಕೇಳಲು ಯಂತ್ರವಿರಲಿಲ್ಲ. ಎರಡು ತಿಂಗಳು ಟ್ಯೂಷನ್ ಹೇಳಿದ ದುಡ್ಡಿನಲ್ಲಿ ಸೊಲ್ಲಾಪುರದಿಂದ ಒಂದು ಹಳೆಯ ಪೆಟ್ಟಿಗೆ ಪ್ಲೇಯರು ತಂದು ಮುಳ್ಳು ಬದಲಿಸಿದೆ. ನಮ್ಮ ಮನೆತನದಲ್ಲಿ ಪದವಿಯ ಕಾಗದ ಹಿಡಿದವನು ನಾನೇ ಮೊದಲು. "ಇಷ್ಟು ಓದಿಸಿದ್ದಕ್ಕ ಗುಜರಿ ಹೊತಗೊಂಡು ಬಂದಿ?" ಎಂದಳು ಅವ್ವ. ಗೆಳೆಯರೂ ಬಿಡಲಿಲ್ಲ. ಹಳೇ ರಿಕಾರ್ಡು ಕೂಡಿಹಾಕುವುದು ಉಳ್ಳವರ ಶೋಕಿ, ಬೆಂಗಳೂರು ಮುಂಬಯಿಯ ಹವಾನಿಯಂತ್ರಿತ ಕೋಣೆಯವರ ಆಟ, ನಿನಗ್ಯಾಕೆ ಅದು ಎಂದರು.

ಅವರ ಮಾತಿನಲ್ಲಿ ಸುಳ್ಳಿಲ್ಲ. ಕಲಕತ್ತೆಯ ಡಮ್‌ಡಮ್ ಕಾರ್ಖಾನೆ 1960ರ ದಶಕದ ನಡುವಿನವರೆಗೂ ಬೀಟಲ್ಸ್ ಹುಡುಗರ ಹಾಡುಗಳನ್ನು ಹಳೆಯ 78 ಸುತ್ತಿನ ಅರಗಿನ ಪ್ಲೇಟಿನ ಮೇಲೆ ಒತ್ತುತ್ತಿತ್ತು. ಇಂಗ್ಲೆಂಡಿನಲ್ಲಿ ಅಂಥ ಪ್ಲೇಟು ಆಗಲೇ ಸತ್ತುಹೋಗಿತ್ತು. ಇಲ್ಲಿ ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ಕೊಡುವ ಗ್ರಾಮಫೋನು ಇನ್ನೂ ತಿರುಗುತ್ತಿತ್ತಾದ್ದರಿಂದ ಒತ್ತುತ್ತಿದ್ದರು. ನಮ್ಮ ಕತ್ತಲೆಯಿಂದಾಗಿ ಹುಟ್ಟಿದ ಆ ಪ್ಲೇಟುಗಳಿಗೆ ಇವತ್ತು ಪರದೇಶದ ಸಂಗ್ರಾಹಕರು ಮುಗಿಬಿದ್ದು ಬೆಲೆ ಕೊಡುತ್ತಾರೆ. ನನಗೆ ಅಂಥದು ಒಂದೂ ಸಿಕ್ಕಿಲ್ಲ, ಸಿಕ್ಕರೆ ಮಾರಿ ಅವ್ವನ ಕಣ್ಣಿನ ಪೊರೆ ತೆಗೆಸುತ್ತೇನೆ. ನಾನು ಹುಡುಕುವುದು ಬೇರೆ. ಒಂದು ಹಾಡು ಯಾರ ಗಂಟಲಿನಿಂದ ಹೊರಟು, ಯಾರ ಹೆಸರಿನಲ್ಲಿ ಅಚ್ಚಾಗಿ, ಯಾರ ಕಿವಿಗೆ ಎಷ್ಟು ದೂರದಿಂದ ಬಿತ್ತು ಎಂಬ ಲೆಕ್ಕ. ಆ ಲೆಕ್ಕ ಈ ಕರಿ ತಟ್ಟೆಗಳ ಮೇಲೆ ಇದೆ.

ಮೊದಲು ಕಾಣುವುದು ನಾಯಿ. ನಮ್ಮ ಕಡೆ ಹಳಬರು ಈಗಲೂ 'ನಾಯಿ ಛಾಪಿನ ರಿಕಾರ್ಡು' ಎನ್ನುತ್ತಾರೆ. ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಚಿತ್ರಕಾರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ಚಿತ್ರ ಅದು. ನಿಪ್ಪರ್ ಎಂಬ ನಾಯಿ ಯಂತ್ರದ ಬಾಯಿಗೆ ಕಿವಿಗೊಟ್ಟು ಒಡೆಯನ ದನಿ ಕೇಳುತ್ತಿದೆ. ಕಂಪನಿಯ ಹೆಸರೂ ಅದೇ, ಹಿಸ್ ಮಾಸ್ಟರ್ಸ್ ವಾಯ್ಸ್. ನಮ್ಮ ಸೀಮೆಯ ಮಾತಿನಲ್ಲಿ ಹೇಳಿದರೆ ಧಣಿಯ ದನಿ. ಕಂಪನಿಯವರು ಇದನ್ನು ಮುದ್ದಿಗೆ ಹಾಕಿಕೊಂಡದ್ದು. ಆದರೆ ಧಣಿ ಕೂಗಿದಾಗ ಕಿವಿ ನಿಮಿರಿಸಿ ನಿಲ್ಲುವುದನ್ನು ಮೈಮೇಲೆ ಹೊತ್ತು ಬಂದ ಜನಕ್ಕೆ ಆ ಚಿತ್ರ ಮುದ್ದಾಗಿ ಕಾಣುವುದಿಲ್ಲ.

ಇನ್ನು ಆ ಬಾಗಿಲ ಹೊರಗಿನ ದಪ್ಪ ಪ್ಲೇಟು. ಅದು ಪ್ಲಾಸ್ಟಿಕ್ ಅಲ್ಲ, ಅರಗು. ಮುತ್ತುಗ, ಬೋರೆ, ಕುಸುಮ ಮರಗಳ ಕೊಂಬೆಗೆ ಕಚ್ಚಿಕೊಂಡ ಸಣ್ಣ ಹುಳು ಸುರಿಸುವ ಅಂಟು. ಛೋಟಾ ನಾಗಪುರದ ಆದಿವಾಸಿಗಳು ಕೊಂಬೆ ಕೊಂಬೆ ಕೆರೆದು ಕೂಡಿಸಿದ ಅರಗು ಹಡಗು ಹತ್ತಿ ಹೋಗಿ, ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆಯ ಜೊತೆ ಬೆಂದು ತಟ್ಟೆಯಾಯಿತು. ಜಗತ್ತಿನ ದೊಡ್ಡ ದೊಡ್ಡ ಗಾಯಕರೆಲ್ಲ ಐವತ್ತು ವರ್ಷ ಕಾಲ ಹಾಡಿದ್ದು ಆದಿವಾಸಿ ಕೂಲಿಯ ಬೆನ್ನ ಮೇಲೆ. ಯಾವ ಲೇಬಲ್ಲಿನ ಮೇಲೂ ಅವರ ಹೆಸರಿಲ್ಲ. ಅರಗು ಅಂದ ಕೂಡಲೇ ನಮಗೆ ಮಹಾಭಾರತದ ಅರಗಿನ ಮನೆ ನೆನಪಾಗಬೇಕು. ಪಾಂಡವರು ಸುರಂಗದಿಂದ ಪಾರಾದರು ಎಂದು ಪುರಾಣ ಹೇಳುವವರು ಚಪ್ಪಾಳೆ ಹೊಡೆಸುತ್ತಾರೆ. ಆ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದ ಬೇಡತಿ ಮತ್ತು ಅವಳ ಐದು ಮಕ್ಕಳು ಸುಟ್ಟು ಕರಕಲಾದರು. ಆರು ಹೆಣ ಬೇಕಾಗಿದ್ದವು, ಸಿಕ್ಕವು. ಆ ತಾಯಿಯ ಹೆಸರೇನು? ವ್ಯಾಸರು ಬರೆದಿಲ್ಲ.

ಇಲ್ಲಿ ನನ್ನದೊಂದು ಪೆದ್ದತನ ಹೇಳಲೇಬೇಕು. ಪ್ಲಾಸ್ಟಿಕ್ ರಿಕಾರ್ಡಿನ ಜಿಡ್ಡನ್ನು ಸ್ಪಿರಿಟ್ ಹಾಕಿ ಒರೆಸಿದ್ದೆ, ಚೆನ್ನಾಗಿ ಹೋಯಿತು. ಅದೇ ಧೈರ್ಯದಲ್ಲಿ ಒಂದು ಅರಗಿನ ಪ್ಲೇಟಿಗೂ ಹಚ್ಚಿದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಿಗರು ಅರಗಿನ ಪಾಲಿಶ್ ಮಾಡುವುದೇ ಹಾಗೆ. ಅರಿವೆಗೆ ಕರಿ ಬಣ್ಣ ಹತ್ತಿತು, ಗೆರೆಗಳು ಮಸಕಾದವು. ಆಮೇಲೆ ಮುಳ್ಳು ಇಟ್ಟರೆ ಬರೀ ಸೊರಸೊರ ಸದ್ದು. ಆ ಪ್ಲೇಟು ಅಮೀರಬಾಯಿ ಕರ್ನಾಟಕಿಯದು.

ಅಮೀರಬಾಯಿ ನಮ್ಮವಳೇ. ಬೀಳಗಿಯವಳು. ಬೀಳಗಿ ಆಗ ವಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ. ಅಕ್ಕ ಗೋಹರಬಾಯಿ, ತಂಗಿ ಅಮೀರಬಾಯಿ, ಇಬ್ಬರೂ ಕಂಪನಿ ನಾಟಕದ ದಾರಿ ಹಿಡಿದು ಮುಂಬಯಿಗೆ ಹೋದರು. 1943ರ 'ಕಿಸ್ಮತ್' ಸಿನಿಮಾ ಕಲಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತಲ್ಲ, ಅದರಲ್ಲಿ ಹಾಡಿದ್ದು ಬೀಳಗಿಯ ಈ ದನಿ. 1965ರಲ್ಲಿ ತೀರಿಕೊಂಡಳು. ರಹಮತ್ ತರೀಕೆರೆಯವರು ಅವಳ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ವಿಜಯಪುರದಲ್ಲಿ ಅವಳ ಹೆಸರಿನ ಟಾಕೀಸು ಇದೆ. ಅದರ ಮುಂದೆ ನಿಂತು ನನ್ನ ವಾರಿಗೆಯ ಹತ್ತು ಹುಡುಗರನ್ನು ಕೇಳಿದೆ, ಅಮೀರ್ ಅಂದರೆ ಯಾರು ಅಂತ. ಯಾರೋ ಶ್ರೀಮಂತ ಇರಬೇಕು ಎಂದರು!

ನೋಡಿ, ಈ ದೇಶದ ರಿಕಾರ್ಡಿನ ಇತಿಹಾಸ ಶುರುವಾಗುವುದೇ ಮರ್ಯಾದಸ್ಥರು ಮನೆಯೊಳಗೆ ಬಿಟ್ಟುಕೊಳ್ಳದ ಹೆಂಗಸರಿಂದ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಯಂತ್ರ ಹೊತ್ತು ಕಲಕತ್ತೆಗೆ ಬಂದಾಗ ಮೊದಲು ಹಾಡಿದವರು ಥಿಯೇಟರಿನಲ್ಲಿ ಕುಣಿಯುತ್ತಿದ್ದ ಇಬ್ಬರು ಎಳೆಯ ಹುಡುಗಿಯರು. ಅದಾದ ಮೇಲೆ ಗೋಹರ್ ಜಾನ್. ದೊಡ್ಡ ದೊಡ್ಡ ಉಸ್ತಾದರು, ನಮ್ಮ ದನಿ ಯಂತ್ರ ಹೀರಿಕೊಂಡೀತು, ಕಂಡಕಂಡಲ್ಲಿ ಮಾರಾಟವಾದೀತು ಎಂದು ಹಿಂದೆ ಸರಿದಿದ್ದ ಕಾಲ. ಕಳೆದುಕೊಳ್ಳಲು ಮರ್ಯಾದೆ ಇಲ್ಲದವರು ಮುಂದೆ ಬಂದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾರ ಹಾಡು ಯಾವುದೆಂದು ತಿಳಿಯಲಿ ಎಂದು ಹಾಡಿನ ಕೊನೆಗೆ ಗೋಹರ್ ಜಾನ್ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಕಂಪನಿಗೆ ಅದು ಲೇಬಲ್ಲಿನ ಕೆಲಸ. ನನಗೆ ಮಾತ್ರ, ಹೆಸರಿಲ್ಲದ ಹೆಂಗಸರ ದೇಶದಲ್ಲಿ ಒಬ್ಬಳು ಎದೆ ಸೆಟೆಸಿ ಹೆಸರು ಹೇಳಿದ ಹಾಗೆ ಕೇಳುತ್ತದೆ. ಆಕೆ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದಳು.

ಹೆಸರಿನ ಮಾತು ಬಂದಿದ್ದರಿಂದ ಗಂಗೂಬಾಯಿ ಹಾನಗಲ್ಲರ ಮಾತೂ ಇಲ್ಲೇ. 1930ರ ದಶಕದ ಮೊದಲ ತಟ್ಟೆಗಳ ಮೇಲೆ ಅವರ ಹೆಸರು 'ಗಾಂಧಾರಿ ಹುಬ್ಬಳ್ಳಿ'. ಕಂಪನಿಗೆ ಹೆಸರು ಬದಲಿಸುವುದು ಅಷ್ಟು ಹಗುರ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧಿಯ ಮುಂದೆ, ಸ್ವಾಗತ ಗೀತೆ ಹಾಡಿದ ಹನ್ನೊಂದು ವರ್ಷದ ಈ ಹುಡುಗಿಗೆ ಹಾಡಿನ ಚಿಂತೆಯಿರಲಿಲ್ಲ. ಊಟಕ್ಕೆ ಬೇರೆ ಕೂಡಿಸುತ್ತಾರೇನೋ, ಉಂಡ ಎಲೆ ತಾನೇ ಎತ್ತಬೇಕೇನೋ ಎಂಬ ಚಿಂತೆ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ್, ಹೆಂಗಸು ಎಷ್ಟು ದೊಡ್ಡವಳಾದರೂ ಬಾಯಿ ಅಂತಲೇ ಉಳಿಯುತ್ತಾಳೆ ಎಂದವರೂ ಅವರೇ.

ಇದೇ ಕಾಲದಲ್ಲಿ ನಮ್ಮ ಇಂಡಿ ಸೀಮೆಯಲ್ಲಿ ಇನ್ನೊಂದು ಸಂಗ್ರಹ ನಡೆದಿತ್ತು. ಭೀಮಾ ತೀರದ ಹಲಸಂಗಿಯಲ್ಲಿ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಗೆಳೆಯರು ಬೀಸುಕಲ್ಲಿನ ಮುಂದಿನ ಹಾಡುಗಳನ್ನು ಬರೆದುಕೊಂಡರು. 1931ಕ್ಕೆ 'ಗರತಿಯ ಹಾಡು', 1933ಕ್ಕೆ 'ಜೀವನ ಸಂಗೀತ', 1935ಕ್ಕೆ 'ಮಲ್ಲಿಗೆ ದಂಡೆ'. ಯಂತ್ರವಿಲ್ಲ, ಕಂಪನಿಯಿಲ್ಲ, ಕೈಯಲ್ಲಿ ಪೆನ್ಸಿಲ್ಲು. ಅಂಥ ಕೆಲಸ ಮಾಡಿದವರಿಗೆ ಕೈಮುಗಿದೇ ಮುಂದಿನ ಮಾತು ಹೇಳುತ್ತೇನೆ. ಪುಸ್ತಕಕ್ಕೆ ಹೋದವಳು ಗರತಿ, ರಿಕಾರ್ಡಿಗೆ ಹೋದವಳು ಬಾಯಿ. ಗರತಿಗೆ ಮಾನ ಸಿಕ್ಕಿತು, ಹೆಸರು ಸಿಗಲಿಲ್ಲ. ಬಾಯಿಗೆ ಹೆಸರು ಸಿಕ್ಕಿತು, ಮಾನ ಸಿಗಲಿಲ್ಲ. ಗೌಡರ ಹೊಲದಲ್ಲಿ ಬಗ್ಗಿ ಕಸ ತೆಗೆಯುತ್ತ ದಿನವಿಡೀ ಹಾಡಿದ ನಮ್ಮ ಕೇರಿಯ ಹೆಣ್ಣಿಗೆ ಎರಡೂ ಸಿಗಲಿಲ್ಲ. ಅವಳ ದನಿ ಹುಡುಕುವುದಕ್ಕೇ ನಾನು ಗುಜರಿ ಅಂಗಡಿ ಸುತ್ತುವುದು. ಅದು ನೇರವಾಗಿ ಸಿಗುವುದಿಲ್ಲವೆಂದು ಗೊತ್ತು. ನೆರಳಾದರೂ ಎಲ್ಲೋ ಬಿದ್ದಿರಬೇಕಲ್ಲ.

ಏಳಿಂಚಿನ ರಿಕಾರ್ಡು ಈ ಕತೆಯ ಎರಡನೆಯ ಅಂಕ. 1949ರಲ್ಲಿ ಅಮೆರಿಕದಲ್ಲಿ ಹುಟ್ಟಿ, 45 ಸುತ್ತಿಗೆ ತಿರುಗುವ ಈ ಹಗುರ ತಟ್ಟೆ ನಮ್ಮಲ್ಲಿಗೆ ತಡವಾಗಿ ಬಂದು, 1960-70ರ ದಶಕಗಳಲ್ಲಿ ಸಿನಿಮಾ ಹಾಡನ್ನು ತಾಲೂಕು ಊರುಗಳಿಗೆ ತಂದಿತು. ಬಿದ್ದರೆ ಒಡೆಯುವುದಿಲ್ಲ. ಒಂದೊಂದು ಮಗ್ಗುಲಿಗೆ ಎರಡು ಹಾಡು ಹಿಡಿಯುತ್ತದೆ. ಆ ಹೊತ್ತಿಗೆ ರೇಡಿಯೋ ಇತ್ತಲ್ಲ ಎನ್ನಬಹುದು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು ನಿಜ. ಆದರೆ 1952ರಲ್ಲಿ ಕೇಸ್ಕರ್ ಎಂಬ ಮಂತ್ರಿ ಬಂದು ಸಿನಿಮಾ ಹಾಡು ಕೀಳು ಅಭಿರುಚಿಯದು ಎಂದು ಆಕಾಶವಾಣಿಯಿಂದ ಹೊರಗೆ ಹಾಕಿದ. ಹಾಡಿಗೂ ಮಡಿ ಮೈಲಿಗೆ! ಜನ ಮುಳ್ಳು ತಿರುಗಿಸಿ ಸಿಲೋನ್ ಕೇಳಿದರು. ಸೋತ ಸರಕಾರ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ತೆರೆಯಿತು.

ನಮ್ಮ ಮುತ್ಯಾ ಹಾಡು ಕೇಳಿದ್ದು ಒಂದು ಚಾದ ಹೋಟೆಲಿನ ಹೊರಗೆ. ಒಳಗೆ ರಿಕಾರ್ಡು ತಿರುಗುತ್ತಿತ್ತು. ಹೊರಗೆ ಗೋಡೆಯ ಗೂಡಿನಲ್ಲಿ ನಮ್ಮವರ ಬಸಿ ಇರುತ್ತಿತ್ತು. ತಾನೇ ತೊಳೆದು ಹಿಡಿಯಬೇಕು, ಮೇಲಿನಿಂದ ಚಾ ಸುರುವುತ್ತಾರೆ, ಕುಡಿದು ಮತ್ತೆ ತೊಳೆದು ಗೂಡಿಗೆ ಇಡಬೇಕು. "ಚಾ ಮುಗದರೂ ನಿಂದರತಿದ್ನಿ" ಎನ್ನುತ್ತಿದ್ದ ಮುತ್ಯಾ. "ಹಾಡು ಮುಗಿಯೂ ಮಟಾ ಬಸಿ ತೊಳಿಯಾಂವ. ಎಷ್ಟ ತೊಳಿತಿಯೋ ಅಂತ ಬೈತಿದ್ರು." ಹನ್ನೊಂದು ವರ್ಷದ ಭೀಮಸೇನ ಜೋಶಿ ಅಂಗಡಿಯ ಮುಂದೆ ಅಬ್ದುಲ್ ಕರೀಂ ಖಾನರ ರಿಕಾರ್ಡು ಕೇಳಿ, 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಹೊರಟ ಕತೆ ಎಲ್ಲರಿಗೂ ಗೊತ್ತು, ವಿಜಾಪುರದ ದಾರಿಯನ್ನೂ ಹಿಡಿದಿದ್ದನಂತೆ. ದೊಡ್ಡ ಕತೆಯೇ ಅದು. ರಿಕಾರ್ಡಿನ ದನಿ ಹೊಸ್ತಿಲು ದಾಟುವಾಗ ಜಾತಿ ಕೇಳುವುದಿಲ್ಲ. ಆದರೆ ಕೇಳಿದ ಮೇಲೆ ಮನೆ ಬಿಟ್ಟು ಹೊರಟರೆ ಯಾವ ಗುರು ಒಳಗೆ ಕರೆಯುತ್ತಾನೆ ಎಂಬುದು ಬೇರೆ ಪ್ರಶ್ನೆ. ನಮ್ಮ ಮುತ್ಯಾ ಬಸಿ ಗೂಡಿಗಿಟ್ಟು ಜೀತದ ಮನೆಗೆ ನಡೆದ.

ಆ ಹದಿನೇಳು ರಿಕಾರ್ಡು ಯಾರವು? ಕವರಿನ ಮೇಲೆ ರಬ್ಬರ್ ಮುದ್ರೆಯಿತ್ತು, ಹೆಸರು ಅಳಿಸಿದೆ, 'ಸೌಂಡ್ ಸರ್ವಿಸ್' ಎಂಬಷ್ಟು ಉಳಿದಿದೆ. ಮದುವೆ, ಜಾತ್ರೆ, ಉರುಸಿಗೆ ಹಾರ್ನು ಕಟ್ಟಿ ರಿಕಾರ್ಡು ಹಾಕುವವರು. ಇವರ ಅಂಗಡಿಗಳು ಮುಚ್ಚಿದ್ದರಿಂದಲೇ ನಮ್ಮ ಕಡೆ ರಿಕಾರ್ಡು ಗುಜರಿಗೆ ಬರುವುದು. ಬಂದ ರಿಕಾರ್ಡನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಚಟ. ಎಷ್ಟು ಬಾರಿ ಮುಳ್ಳು ಓಡಿದೆಯೋ ಅಷ್ಟು ಗೆರೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಯಾವ ಹಾಡನ್ನು ಜನ ಮತ್ತೆ ಮತ್ತೆ ಕೇಳಿದರು ಎಂದು ಯಾವ ವಿಮರ್ಶಕನನ್ನೂ ಕೇಳಬೇಕಾಗಿಲ್ಲ. ನನ್ನಲ್ಲಿ ಅತಿ ಸವೆದದ್ದು 1974ರ 'ಸಂಪತ್ತಿಗೆ ಸವಾಲ್'. ನಮ್ಮ ಸೀಮೆಯಲ್ಲೆಲ್ಲ ಆಡುತ್ತಿದ್ದ ಧುತ್ತರಗಿಯವರ ನಾಟಕವೇ ಸಿನಿಮಾ ಆದದ್ದು. ಅಲ್ಲಿಯವರೆಗೆ ರಾಜ್‌ಕುಮಾರರಿಗೆ ಬಹುಪಾಲು ಪಿ.ಬಿ. ಶ್ರೀನಿವಾಸರು ಹಾಡುತ್ತಿದ್ದರು, ಇದರಲ್ಲಿ ಎಮ್ಮೆಯ ಮೇಲೆ ಕೂತು ಅವರೇ ಹಾಡಿದರು, ಅಲ್ಲಿಂದ ಅವರ ಹಾಡುಗಾರಿಕೆಯೇ ಬೇರೆಯಾಯಿತು. ಆ ಒಂದು ಹಾಡಿನ ಪಟ್ಟೆ ಬಿಳಿಚಿ ಹೋಗಿದೆ, ಪಕ್ಕದ ಹಾಡು ಇನ್ನೂ ಕರ್ರಗೆ ಮಿಂಚುತ್ತದೆ. ಮಂದಿಯ ಎಮ್ಮೆ ಕಾದವರಿಗೆ ಆ ಹಾಡು ಹಿಡಿಸಿದ್ದರಲ್ಲಿ ಆಶ್ಚರ್ಯವೇನು?

ಅದೇ ರಿಕಾರ್ಡಿನ ಕವರಿನ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಪಟ್ಟಿ. 1977ರ ಬೇಸಿಗೆಯದು. ತಾರೀಖು, ಎಲ್ಲಿ ಹಾರ್ನು ಕಟ್ಟಬೇಕು, ಎಷ್ಟು ಬಾಕಿ. ಗೌಡರ ಮನಿ ಮದುವಿ, ಬಾಕಿ. ಮಠದ ಜಾತ್ರಿ, ಬಾಕಿ. ಸಾಹುಕಾರರ ತೊಟ್ಟಿಲು, ಬಾಕಿ. ಏಪ್ರಿಲ್ 14ರ ಮುಂದೆ 'ಹರಿಜನ ಕೇರಿ, ಮುಂಗಡ ಪೂರ್ತಿ'. ಅದರ ಕೆಳಗೆ ಇನ್ನೊಂದು ಸಾಲು: 'ಮುಳ್ಳು ಅವರದೇ'. ಗೌಡರಿಗೆ ಸಾಲದಲ್ಲಿ ಹಾಡು, ನಮಗೆ ರೊಕ್ಕ ಎಣಿಸಿದ ಮೇಲೆ ಹಾಡು. ಮುಳ್ಳು ಸಹ ನಾವೇ ಕೊಂಡು ತರಬೇಕು! ನಾನು ಓದಿದ ಇತಿಹಾಸದ ಪಠ್ಯಗಳಲ್ಲಿ ನಮ್ಮ ಕೇರಿಯ ಬಗ್ಗೆ ಇಷ್ಟು ಖಚಿತವಾದ ಒಂದು ಸಾಲು ಸಿಕ್ಕಿಲ್ಲ.

ಆ ಹದಿನೇಳರಲ್ಲಿ ಜಾನಪದ ಗೀತೆಗಳ ಒಂದು ರಿಕಾರ್ಡೂ ಇತ್ತು. ಹಾಡಿದವರ ಹೆಸರಿದೆ, ಸಂಗೀತ ಕೂಡಿಸಿದವರ ಹೆಸರಿದೆ, ಹಾಡು ಕಟ್ಟಿದವರ ಜಾಗದಲ್ಲಿ 'ಜಾನಪದ' ಎಂದಿದೆ. ಜಾನಪದ ಅಂದರೆ ಸಂಬಳ ಕೊಡಬೇಕಿಲ್ಲದ ಜನ. ತಬಲಾ ಇದೆ, ಹಾರ್ಮೋನಿಯಂ ಇದೆ, ಗಿಟಾರೂ ಇದೆ, ಹಲಗೆ ಇಲ್ಲ. ನಾನು ಕೇಳಿದ ಒಂದು ರಿಕಾರ್ಡಿನಲ್ಲೂ ಹಲಗೆ ಇಲ್ಲ. ಅದನ್ನು ಆಯಿಗೆ ಕೇಳಿಸಿದೆ. ಎಂಬತ್ತು ದಾಟಿದ ಜೀವ. ಒಂದು ಹಾಡು ಬಂದಾಗ ತಲೆ ಎತ್ತಿದಳು.

"ಇದು ನಮ್ಮದ. ಕಸಾ ತಗಿಯೂ ಮುಂದ ಹಾಡೂದು. ಇಕಿ ಯಾಕ ಹಿಂಗ ಓಡತಾಳ?"

ಮೂರು ನಿಮಿಷದಲ್ಲಿ ಮುಗಿಸಬೇಕಲ್ಲ ಆಯಿ, ತಟ್ಟೆಯಲ್ಲಿ ಜಾಗ ಇರುವುದೇ ಅಷ್ಟು ಎಂದೆ.

"ಮೂರ ನಿಮಿಷಕ್ಕ ಮುಗದರ ಸಾಲು ಯಾರು ಮುಗಸೂರು? ನಾವು ಈ ಬದುವಿನಿಂದ ಆ ಬದುವಿಗಿ ಹಾಡತಿದ್ವಿ. ಅರ್ಧಾನೂ ಇಲ್ಲ ಇದರಾಗ."

ನನಗೆ ಏನು ತೋಚಿತೋ, ಪ್ಲೇಯರಿನ ಕಡ್ಡಿಯನ್ನು 45ರಿಂದ 33ಕ್ಕೆ ಎಳೆದೆ. ಹಾಡು ನಿಧಾನವಾಯಿತು. ಹಾಡುಗಾರ್ತಿಯ ನಯವಾದ ದನಿ ದಪ್ಪವಾಗಿ, ಒರಟಾಗಿ, ಗಂಡಸಿನ ದನಿಯ ಹಾಗೆ ಎಳೆಯತೊಡಗಿತು. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಈಗ ನಡಿಗಿ ಸರಿ ಆತು ನೋಡು. ದನಿ ಮಾತ್ರ ಗಣಮಗಂದಾತು." ಕೂತಲ್ಲೇ ಬಲಗೈ ಕುರ್ಪಿ ಹಿಡಿದ ಹಾಗೆ ಆಡತೊಡಗಿತು. ಬಿಟ್ಟುಹೋದ ನುಡಿಗಳನ್ನು ಅವಳೇ ತುಂಬಿದಳು. ಗೌಡನ ಮಗ ಬದುವಿನ ಮೇಲೆ ನಿಂತು ನೋಡುವ ನುಡಿ, ಕೂಲಿ ಸೇರಿಗೆ ಪಾವು ಕಡಿಮೆ ಅಳೆದ ನುಡಿ. ಅವು ರಿಕಾರ್ಡಿನಲ್ಲಿ ಇರಲಿಲ್ಲ. ಸ್ಟುಡಿಯೋದಲ್ಲಿ ಜಾಗ ಸಾಲದೆ ಬಿಟ್ಟರೋ, ಬೇಡವೆಂದೇ ಬಿಟ್ಟರೋ. ಮೊಬೈಲಿನಲ್ಲಿ ಹಿಡಿದುಕೊಂಡೆ, ನಲವತ್ತು ನಿಮಿಷ ಆಯಿತು. ಗೋಹರ್ ಜಾನ್ ನೆನಪಾಗಿ ಕೊನೆಗೆ ನಿನ್ನ ಹೆಸರು ಹೇಳು ಆಯಿ ಎಂದೆ. "ನನ್ನ ಹೆಸರು ಯಾಕ? ಎಲ್ಲಾರೂ ಕೂಡಿ ಹಾಡಿದ್ದು" ಎಂದಳು. ಆಮೇಲೆ ಅವಳ ಜೊತೆ ಸಾಲು ಹಿಡಿಯುತ್ತಿದ್ದ ಏಳು ಜನರ ಹೆಸರು ಹೇಳಿದಳು, ಒಬ್ಬೊಬ್ಬರದೂ, ಯಾವ ಓಣಿ, ಯಾರ ಸೊಸೆ ಎಂಬ ಸಮೇತ. ಇಬ್ಬರು ಮಾತ್ರ ಬದುಕಿದ್ದಾರೆ. ಅವರಲ್ಲಿಗೂ ಹೋಗಿ ಬಂದೆ.

ಈಗ ನಾನು ಹುಡುಕುತ್ತಿರುವುದು ಒಂದು ಮರಾಠಿ ರಿಕಾರ್ಡು. ಮರಾಠಿಯಲ್ಲಿ ತಬಕಡಿ ಎನ್ನುತ್ತಾರೆ. ಸೊಲ್ಲಾಪುರ ನಮಗೆ ಹತ್ತಿರ. ಗಿರಣಿ ಕೆಲಸಕ್ಕೆ ಹೋದ ನಮ್ಮವರು ಬಟ್ಟೆಯ ಗಂಟಿನ ಜೊತೆ ಬಾಬಾಸಾಹೇಬರ ಫೋಟೋ ತಂದರು, ಹಾಡು ತಂದರು. ಪ್ರಲ್ಹಾದ ಶಿಂದೆ ಇದ್ದರಲ್ಲ, 2004ರಲ್ಲಿ ತೀರಿಕೊಂಡರು, ಆ ಒಂದೇ ಗಂಟಲಿನಲ್ಲಿ ಪಂಢರಪುರದ ವಿಠ್ಠಲನ ಹಾಡೂ ಇತ್ತು, ಭೀಮನ ಹಾಡೂ ಇತ್ತು. ಪಂಢರಪುರದ ಆ ಗುಡಿ ನಮ್ಮವರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಚೋಖಾಮೇಳ ಇವತ್ತಿಗೂ ಬಾಗಿಲ ಹೊರಗೇ ಮಲಗಿದ್ದಾನೆ. ಕರ್ನಾಟಕದ ನಮ್ಮ ಹೋರಾಟದ ಹಾಡುಗಳು, 1975ರ 'ಹೊಲೆಮಾದಿಗರ ಹಾಡು' ಬಂದ ಮೇಲಿನವು, ಮೆರವಣಿಗೆಯಲ್ಲಿ ಬಾಯಿಂದ ಬಾಯಿಗೆ ಬಂದವು. ಅದಕ್ಕೂ ಮುಂಚೆ ನಮ್ಮ ಓಣಿಯ ಜಯಂತಿಗೆ ದನಿ ಕೊಟ್ಟದ್ದು ಸೊಲ್ಲಾಪುರದಿಂದ ಬಂದ ಆ ತಬಕಡಿ. ಅಪ್ಪನಿಗೆ ನೆನಪಿದೆ. ಹಾರ್ನನ್ನು ನಮ್ಮ ಓಣಿಯ ಬೇವಿನ ಮರಕ್ಕೆ ಕಟ್ಟಿ ಊರ ಕಡೆ ಮುಖ ತಿರುಗಿಸಿದ್ದರಂತೆ. ಊರಿನವರು ಬಂದು ತಿರುಗಿಸಿ ಹೊಲದ ಕಡೆ ಮಾಡಿಸಿದರಂತೆ. ರಾತ್ರಿ ಯಾರೋ ಹುಡುಗರು ಮರ ಹತ್ತಿ ಮತ್ತೆ ಊರ ಕಡೆ ತಿರುಗಿಸಿದರಂತೆ. ಯಾರು ಎಂದು ಅಪ್ಪ ಇವತ್ತಿಗೂ ಹೇಳುವುದಿಲ್ಲ. ನಗುತ್ತಾನೆ.

ಆ ರಿಕಾರ್ಡು ಎಲ್ಲಿ ಹೋಯಿತೋ ಗೊತ್ತಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಚಡಚಣ, ಅಕ್ಕಲಕೋಟೆಯ ಕಡೆಯ ಗೆಳೆಯರೆ, ನಿಮ್ಮ ಅಟ್ಟದ ಮೇಲೆ, ಮುಚ್ಚಿದ ಸೌಂಡ್ ಸರ್ವಿಸ್‌ನವರ ಪೆಟ್ಟಿಗೆಯಲ್ಲಿ ಇಂಥವು ಇದ್ದರೆ ಗುಜರಿಗೆ ಹಾಕಬೇಡಿ. ದಪ್ಪ ಪ್ಲೇಟಿಗೆ ಸ್ಪಿರಿಟ್ ತಾಗಿಸಬೇಡಿ, ಹಸಿ ಅರಿವೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ರಿಕಾರ್ಡು ಒಡೆದು ಕವರು ಮಾತ್ರ ಉಳಿದಿದ್ದರೆ ಅದನ್ನೂ ಇಡಿ. ಹಿಂದೆ ಪೆನ್ಸಿಲ್ಲಿನಲ್ಲಿ ಏನಾದರೂ ಬರೆದಿದೆಯೋ ಒಮ್ಮೆ ನೋಡಿ.